ಹಳೆಯ ಆಟಗಳು ಯಾವ ಯಂತ್ರವನ್ನು ನಂಬಿದ್ದವು?

(ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು.)

ಕಳೆದ ವರ್ಷ ಮನೆಯ ಅಟ್ಟ ಗುಡಿಸುವಾಗ ಕಾರು ಓಟದ ಆಟವೊಂದರ ಸಿಡಿ ಸಿಕ್ಕಿತು. 1990ರ ದಶಕದ ಕೊನೆಯಲ್ಲಿ ಕೊಂಡದ್ದು. ಮೇಲೆ ಒಂದು ಗೀರೂ ಇರಲಿಲ್ಲ. ನನ್ನ ಲ್ಯಾಪ್‌ಟಾಪಿಗೆ ಸಿಡಿ ಡ್ರೈವ್ ಇಲ್ಲದ್ದರಿಂದ ಗೆಳೆಯರೊಬ್ಬರಿಂದ ಯುಎಸ್‌ಬಿ ಡ್ರೈವ್ ಎರವಲು ತಂದು, ಸಿಡಿ ಹಾಕಿ, ಸೆಟಪ್ ಕಡತದ ಮೇಲೆ ಎರಡು ಸಲ ಒತ್ತಿದೆ. ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯುವುದಿಲ್ಲ ಎಂಬ ಅರ್ಥದ ಒಂದು ನೀಲಿ ಪಟ್ಟಿ ಬಂದು ನಿಂತಿತು. ಬಹಳ ಮಂದಿ ಇಲ್ಲಿಗೇ ಕೈಚೆಲ್ಲಿ, ಆಟ ತೀರಾ ಹಳೆಯದಾಯಿತು ಎಂದುಕೊಳ್ಳುತ್ತಾರೆ. ನಾನು ಆ ಸೆಟಪ್ ಕಡತವನ್ನು, ಒಳಗಿನ ಬೈಟುಗಳನ್ನು ಹಾಗೇ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದೆ.

ವಿಂಡೋಸ್‌ಗೂ ಮೊದಲಿನ ಡಾಸ್ ವ್ಯವಸ್ಥೆಯ ಮತ್ತು ವಿಂಡೋಸ್‌ನ ಇಎಕ್ಸ್‌ಇ ಕಡತಗಳು, ಅಂದರೆ ಪ್ರೋಗ್ರಾಂ ಕಡತಗಳು, ‘ಎಂ’ ಮತ್ತು ‘ಝಡ್’ ಎಂಬ ಎರಡು ರೋಮನ್ ಅಕ್ಷರಗಳಿಂದ ಶುರುವಾಗುತ್ತವೆ. ಡಾಸ್ ಕಾಲದಲ್ಲಿ ಮೈಕ್ರೋಸಾಫ್ಟ್‌ನಲ್ಲಿದ್ದ ಮಾರ್ಕ್ ಝ್ಬಿಕೋವ್‌ಸ್ಕಿ ಅವರ ಹೆಸರಿನ ಮೊದಲಕ್ಷರಗಳವು; ದೇವಸ್ಥಾನದ ಕಂಬದ ಬುಡದಲ್ಲಿ ಶಿಲ್ಪಿ ತನ್ನ ಹೆಸರು ಕೊರೆದು ಹೋದ ಹಾಗೆ ಇವತ್ತಿಗೂ ಉಳಿದಿವೆ. ಅಲ್ಲಿಂದ ಸ್ವಲ್ಪ ಕೆಳಗೆ ಇಳಿದರೆ ಇನ್ನೆರಡು ಅಕ್ಷರಗಳು ಸಿಗುತ್ತವೆ. ಅವು ‘ಪಿ’ ಮತ್ತು ‘ಇ’ ಆಗಿದ್ದರೆ ಅದು 32 ಅಥವಾ 64-ಬಿಟ್ ಪ್ರೋಗ್ರಾಂ. ‘ಎನ್’ ಮತ್ತು ‘ಇ’ ಆಗಿದ್ದರೆ 16-ಬಿಟ್ ವಿಂಡೋಸ್ ಕಾಲದ್ದು. ನನ್ನ ಸೆಟಪ್ ಕಡತದಲ್ಲಿ ಇದ್ದದ್ದು ಎರಡನೆಯ ಜೋಡಿ. ಅದೇ ಸಿಡಿಯಲ್ಲಿದ್ದ ಆಟದ ಮುಖ್ಯ ಕಡತವನ್ನು ತೆರೆದರೆ ಅಲ್ಲಿದ್ದದ್ದು ಮೊದಲನೆಯದು. ನನ್ನ ಲ್ಯಾಪ್‌ಟಾಪಿನ 64-ಬಿಟ್ ವಿಂಡೋಸ್ 16-ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದಿಲ್ಲ. ಅಂದರೆ ಆಟ ಸರಿಯಾಗಿಯೇ ಇತ್ತು, ಬಾಗಿಲು ತೆರೆಯಬೇಕಾಗಿದ್ದ ಕಾವಲುಗಾರ ಮಾತ್ರ ಇಲ್ಲವಾಗಿದ್ದ. ಆ ಕಾಲದಲ್ಲಿ ಒಂದೇ ಸೆಟಪ್ ಹಳೆಯ ವಿಂಡೋಸ್‌ನಲ್ಲೂ ಹೊಸದರಲ್ಲೂ ಏಳಬೇಕೆಂದು ಅದನ್ನು 16-ಬಿಟ್‌ನಲ್ಲಿ ಬರೆಯುವ ರೂಢಿಯಿತ್ತು. ದೂರದೃಷ್ಟಿಯಿಂದ ಮಾಡಿದ ಆ ಏರ್ಪಾಡೇ ಇವತ್ತು ಕಾಲಿಗೆ ತೊಡಕಾಗಿದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಪ್ರತಿಯೊಂದು ಆಟವೂ ತನ್ನ ಕಾಲದ ಯಂತ್ರದ ಬಗ್ಗೆ ಹಲವು ಸಂಗತಿಗಳನ್ನು ಕೇಳದೆಯೇ ನಂಬಿಕೊಂಡಿರುತ್ತದೆ: ಪ್ರೊಸೆಸರ್ ಇಷ್ಟೇ ವೇಗದ್ದು, ಪರದೆಗೆ ಇಷ್ಟೇ ಬಣ್ಣ, ಡಿಸ್ಕಿನಲ್ಲಿ ಎಲ್ಲಿ ಬೇಕಾದರೂ ಬರೆಯಬಹುದು, ಹೀಗೆ. ಬರೆದವರು ಇದನ್ನು ಎಲ್ಲೂ ದಾಖಲಿಸಿರುವುದಿಲ್ಲ, ಏಕೆಂದರೆ ಅವರಿಗೆ ಅದು ಗಾಳಿ ಬೆಳಕಿನಷ್ಟೇ ಸಹಜವಾಗಿತ್ತು. ನಮ್ಮಲ್ಲಿ ಯೂನಿಕೋಡ್ ಬರುವ ಮೊದಲು ನುಡಿಯಲ್ಲೋ ಬರಹದಲ್ಲೋ ಟೈಪು ಮಾಡಿಟ್ಟ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಈ ಮಾತು ಕೂಡಲೇ ಹೊಳೆಯುತ್ತದೆ. ಕಡತದ ಒಂದು ಬೈಟೂ ಬದಲಾಗಿರುವುದಿಲ್ಲ. ಆದರೂ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಹಳೆಯ ಆಟವನ್ನು ಹೊಸ ವ್ಯವಸ್ಥೆಯಲ್ಲಿ ಓಡಿಸುವುದೆಂದರೆ ಅದರ ಯಾವ ನಂಬಿಕೆ ಸುಳ್ಳಾಗಿದೆ ಎಂದು ಕಂಡುಹಿಡಿದು, ಅಷ್ಟನ್ನು ಮಾತ್ರ ಮತ್ತೆ ನಿಜ ಮಾಡಿಕೊಡುವುದು. ಅದಕ್ಕಿಂತ ಹೆಚ್ಚು ಮಾಡಿದರೆ ಆಟ ಓಡಿದರೂ ಆ ಆಟವಾಗಿ ಉಳಿಯುವುದಿಲ್ಲ.

ಮೊದಲು ವೇಗದ ಮಾತು. 1981ರಲ್ಲಿ ಬಂದ ಐಬಿಎಂ ಪಿಸಿಯ 8088 ಪ್ರೊಸೆಸರ್ 4.77 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು. ಆಗ ಆಟ ಬರೆದ ಕೆಲವರು ಗಡಿಯಾರ ನೋಡುವ ಗೋಜಿಗೆ ಹೋಗದೆ, ಎರಡು ಹೆಜ್ಜೆಗಳ ನಡುವೆ ಇಷ್ಟು ಸಾವಿರ ಸಲ ಸುಮ್ಮನೆ ಸುತ್ತು ಎಂದು ಬರೆದುಬಿಟ್ಟರು. ವೇಗದ ಪ್ರೊಸೆಸರ್ ಬಂದಾಗ ಆ ಸುತ್ತು ಕಣ್ಣು ಮಿಟುಕಿಸುವುದರೊಳಗೆ ಮುಗಿದು, ಶತ್ರು ಬರುವುದೂ ನೀವು ಸಾಯುವುದೂ ಒಟ್ಟಿಗೇ ಆಗತೊಡಗಿತು. ಹಳೆಯ ಪೆಟ್ಟಿಗೆಗಳ ಮುಂಭಾಗದಲ್ಲಿದ್ದ ಟರ್ಬೋ ಗುಂಡಿ ನೆನಪಿರಬಹುದು. ಅದನ್ನು ಒತ್ತಿದರೆ ಯಂತ್ರಕ್ಕೆ ಹುರುಪು ಬರುತ್ತದೆಂದು ನಾವು ಶಾಲೆಯಲ್ಲಿ ನಂಬಿದ್ದೆವು. ಅದರ ನಿಜವಾದ ಉಪಯೋಗ ವೇಗವನ್ನು ಇಳಿಸುವುದು, ಇಂಥ ಪ್ರೋಗ್ರಾಂಗಳಿಗಾಗಿ.

ಗಡಿಯಾರ ನೋಡಿಕೊಂಡು ಬರೆದವರೂ ಪಾರಾಗಲಿಲ್ಲ ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಒಂದು ಉದಾಹರಣೆ, ಪ್ರೋಗ್ರಾಂ ಬರೆಯುವ ಸಾಧನವಾದ ಟರ್ಬೋ ಪಾಸ್ಕಲ್‌ನದು. ಅದರ ಒಂದು ಲೈಬ್ರರಿ (ಸಿದ್ಧ ಕೋಡಿನ ಕಟ್ಟು), ಪ್ರೋಗ್ರಾಂ ಶುರುವಾಗುವಾಗಲೇ ಯಂತ್ರದ ವೇಗವನ್ನು ಅಳೆದುಕೊಳ್ಳುತ್ತಿತ್ತು. ಪಿಸಿಯ ಟೈಮರ್ ಸೆಕೆಂಡಿಗೆ 18.2 ಸಲ ಮಿಡಿಯುತ್ತದೆ, ಅಂದರೆ ಒಂದು ಮಿಡಿತಕ್ಕೆ ಸುಮಾರು 55 ಮಿಲಿಸೆಕೆಂಡು. ಅಷ್ಟರಲ್ಲಿ ಎಷ್ಟು ಸುತ್ತು ಹೊಡೆಯಲಾಯಿತು ಎಂದು ಎಣಿಸಿ, ಆ ಸಂಖ್ಯೆಯನ್ನು 55ರಿಂದ ಭಾಗಿಸಿದರೆ ಒಂದು ಮಿಲಿಸೆಕೆಂಡಿಗೆ ಎಷ್ಟು ಎಂದು ತಿಳಿಯುತ್ತದೆ. ಜಾಣ ಉಪಾಯವೇ. ಆದರೆ ಭಾಗಲಬ್ಧವನ್ನು ಇಡಲು ಇದ್ದ ಜಾಗ 16 ಬಿಟ್ಟಿನದು, ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 65,535. ಸುತ್ತುಗಳ ಎಣಿಕೆ 36 ಲಕ್ಷವನ್ನು ದಾಟಿದೊಡನೆ ಉತ್ತರ ಆ ಡಬ್ಬಿಗೆ ಹಿಡಿಸದಾಯಿತು. 200 ಮೆಗಾಹರ್ಟ್ಸ್ ಆಸುಪಾಸಿನ ಪ್ರೊಸೆಸರುಗಳು ಬಂದಾಗ ಹಾಗೇ ಆಯಿತು. ಉತ್ತರ ಹಿಡಿಸದಿದ್ದರೂ ಸೊನ್ನೆಯಿಂದ ಭಾಗಿಸಿದರೂ ಇಂಟೆಲ್ ಪ್ರೊಸೆಸರ್ ಎತ್ತುವ ದೋಷ ಒಂದೇ. ಹಾಗಾಗಿ ಪರದೆಯ ಮೇಲೆ ರನ್‌ಟೈಮ್ ಎರರ್ 200, ಸೊನ್ನೆಯಿಂದ ಭಾಗಾಕಾರ ಎಂಬ ಸಾಲು ಬರುತ್ತಿತ್ತು. ಯಾರೂ ಸೊನ್ನೆಯಿಂದ ಭಾಗಿಸಿರಲಿಲ್ಲ. ಯಂತ್ರ ತೀರಾ ಚೆನ್ನಾಗಿತ್ತು ಅಷ್ಟೇ.

ಡಾಸ್ ಆಟಗಳಿಗೆ ಇವತ್ತಿನ ಉತ್ತರ ಡಾಸ್‌ಬಾಕ್ಸ್. 2002ರಿಂದ ಇರುವ ಈ ತಂತ್ರಾಂಶ ಪ್ರೊಸೆಸರ್, ಸದ್ದಿನ ಸೌಂಡ್ ಬ್ಲಾಸ್ಟರ್ ಕಾರ್ಡು, ಚಿತ್ರದ ವಿಜಿಎ ಎಲ್ಲವನ್ನೂ ಅನುಕರಿಸುವ ಒಂದು ಪೂರ್ತಿ ಹಳೆಯ ಪಿಸಿ. 64-ಬಿಟ್ ವಿಂಡೋಸ್‌ನಲ್ಲಿ ಡಾಸ್ ಆಟಗಳು ನೇರವಾಗಿ ಏಳುವುದೇ ಇಲ್ಲ, ಏಕೆಂದರೆ ಅವುಗಳನ್ನು ಓಡಿಸಲು ವಿಂಡೋಸ್ ಬಳಸುತ್ತಿದ್ದ ವರ್ಚುವಲ್ 8086 ಎಂಬ ಸ್ಥಿತಿ, ಪ್ರೊಸೆಸರ್ 64-ಬಿಟ್ ರೀತಿಗೆ ಹೊರಳಿದ ಮೇಲೆ ಲಭ್ಯವಿರುವುದಿಲ್ಲ. ವಿಂಡೋಸ್ 11 ಅಂತೂ 64-ಬಿಟ್‌ನಲ್ಲಿ ಮಾತ್ರ ಬಂದಿದೆ. ಡಾಸ್‌ಬಾಕ್ಸ್‌ನಲ್ಲಿ ಹೊಸಬರು ಎಡವುವುದು ಸೈಕಲ್ಸ್ ಎಂಬ ಒಂದೇ ಸೆಟ್ಟಿಂಗಿನಲ್ಲಿ. ಒಂದು ಮಿಲಿಸೆಕೆಂಡಿನಲ್ಲಿ ಸುಮಾರು ಎಷ್ಟು ಆದೇಶಗಳನ್ನು ನಡೆಸಬೇಕು ಎಂಬ ಲೆಕ್ಕ ಅದು. ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಗರಿಷ್ಠಕ್ಕೆ ಏರಿಸುವವರು, ಮೇಲೆ ಹೇಳಿದ ರೋಗವನ್ನು ತಾವೇ ಅಂಟಿಸಿಕೊಂಡಂತೆ. 1990ರ ವಿಂಗ್ ಕಮಾಂಡರ್ ಎಂಬ ಬಾಹ್ಯಾಕಾಶ ಹಾರಾಟದ ಆಟ ಈ ವಿಷಯದಲ್ಲಿ ಬಹಳ ಸೂಕ್ಷ್ಮ. ಕಂಟ್ರೋಲ್ ಜೊತೆಗೆ ಎಫ್11 ಒತ್ತಿ ಇಳಿಸುತ್ತಾ, ಎಫ್12 ಒತ್ತಿ ಏರಿಸುತ್ತಾ, ಹಾರಾಟ ಕೈಗೆ ಹಿಡಿತ ಸಿಗುವ ಹಂತವನ್ನು ಕಿವಿಯಿಂದ ತಂಬೂರಿ ಶ್ರುತಿ ಮಾಡುವ ಹಾಗೆ ಹುಡುಕಬೇಕು.

ಇನ್ನೊಂದು ತಪ್ಪು ಕಣ್ಣಿಗೆ ಕಂಡರೂ ಗಮನಕ್ಕೆ ಬರುವುದಿಲ್ಲ. ಆ ಕಾಲದ ಬಹಳಷ್ಟು ಆಟಗಳ ಚಿತ್ರ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆಗಳದು. ಅದು ತುಂಬುತ್ತಿದ್ದ ಮಾನಿಟರ್‌ನ ಅಳತೆ ನಾಲ್ಕಕ್ಕೆ ಮೂರು. ಲೆಕ್ಕ ಹಾಕಿದರೆ ಪ್ರತಿ ಚುಕ್ಕೆಯೂ ತನ್ನ ಅಗಲಕ್ಕಿಂತ 1.2 ಪಟ್ಟು ಎತ್ತರವಾಗಿತ್ತು, ಚಿತ್ರಕಾರರು ಅದನ್ನು ಎದುರಿಗಿಟ್ಟುಕೊಂಡೇ ಬರೆದಿದ್ದರು. ಇವತ್ತಿನ ಪರದೆಯ ಚುಕ್ಕೆ ಚೌಕ. ಹಾಗೇ ತೋರಿಸಿದರೆ ಪ್ರಿನ್ಸ್ ಆಫ್ ಪರ್ಷಿಯಾ ಆಟದ ಪ್ರಿನ್ಸ್ ಕುಳ್ಳಾಗಿ, ದಪ್ಪಗಾಗಿ, ಅವನ ಅರಮನೆಯ ಕಮಾನುಗಳು ಅಮುಕಿದಂತೆ ಕಾಣುತ್ತವೆ. ಡಾಸ್‌ಬಾಕ್ಸ್‌ನ ಆಸ್ಪೆಕ್ಟ್ ಎಂಬ ಸೆಟ್ಟಿಂಗನ್ನು ಟ್ರೂ ಮಾಡಿದರೆ ಸಾಕು. ಚುಕ್ಕೆಗಳನ್ನು ಕಲಸಿ ನುಣುಪು ಮಾಡುವ ಫಿಲ್ಟರುಗಳ ಬಗ್ಗೆ ಹಲವರು ಕೇಳುತ್ತಾರೆ; ಅವು ನನಗೆ ಹಳೆಯ ಗೋಡೆಯ ಚಿತ್ರದ ಮೇಲೆ ಎಣ್ಣೆ ಬಣ್ಣ ಬಳಿದಂತೆ ಕಾಣುತ್ತವೆ, ಅಷ್ಟಕ್ಕೆ ಬಿಡುತ್ತೇನೆ.

ವಿಂಡೋಸ್ 95ರ ನಂತರದ ಆಟಗಳ ಕಷ್ಟ ಬೇರೆ ಬಗೆಯದು. ಇವು 32-ಬಿಟ್ ಆದ್ದರಿಂದ ಇವತ್ತಿಗೂ ಏಳುತ್ತವೆ, ಆದರೆ ಅರೆಬರೆ. ಬಣ್ಣವನ್ನೇ ತೆಗೆದುಕೊಳ್ಳಿ. ಆ ಕಾಲದ ಅನೇಕ ಆಟಗಳು 256 ಬಣ್ಣಗಳ ರೀತಿಯಲ್ಲಿ ಓಡುತ್ತಿದ್ದವು: ಪರದೆಯ ಪ್ರತಿ ಚುಕ್ಕೆಯಲ್ಲಿ ಇರುವುದು ಬಣ್ಣವಲ್ಲ, ಒಂದು ಸಂಖ್ಯೆ, ಆ ಸಂಖ್ಯೆಗೆ ಯಾವ ಬಣ್ಣ ಎಂಬುದು ಬೇರೊಂದು ಕೋಷ್ಟಕದಲ್ಲಿ. ಆಟವು ಪರದೆಯನ್ನು ಪೂರ್ತಿ ವಶಪಡಿಸಿಕೊಂಡ ಮೇಲೆ ಆ ಕೋಷ್ಟಕ ತನ್ನದೇ ಎಂದು ನಂಬಿತ್ತು. ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7ರಲ್ಲಿ ಹಿನ್ನೆಲೆಯಲ್ಲಿದ್ದ, ಡೆಸ್ಕ್‌ಟಾಪ್ ತೋರಿಸುವ ಎಕ್ಸ್‌ಪ್ಲೋರರ್ ಕೂಡ ಅದರೊಳಗೆ ಕೈಹಾಕುತ್ತಿದ್ದುದರಿಂದ ಸ್ಟಾರ್‌ಕ್ರಾಫ್ಟ್, ಏಜ್ ಆಫ್ ಎಂಪೈರ್ಸ್ 2 ಮೊದಲಾದ ಆಟಗಳಲ್ಲಿ ಬಣ್ಣಗಳು ಅದಲುಬದಲಾಗಿ, ಹುಲ್ಲು ಕೆಂಪಾಗಿ, ನೀರು ನೇರಳೆಯಾಗಿ ಕಾಣುತ್ತಿತ್ತು. ಆಟ ಶುರು ಮಾಡುವ ಮೊದಲು ಎಕ್ಸ್‌ಪ್ಲೋರರ್ ಅನ್ನೇ ಕೊಂದು, ಆಟ ಮುಗಿದ ಮೇಲೆ ಬದುಕಿಸುವ ಪುಟ್ಟ ಬ್ಯಾಚ್ ಕಡತವನ್ನು ಜನ ಬರೆದಿಟ್ಟುಕೊಂಡಿದ್ದರು. ನನ್ನ ಬಳಿಯೂ ಒಂದಿತ್ತು. ವಿಂಡೋಸ್ 8ರಿಂದ ಈಚೆಗೆ 256 ಬಣ್ಣದ ರೀತಿ ನಿಜವಾಗಿ ಇಲ್ಲವೇ ಇಲ್ಲ, ಇದ್ದಂತೆ ನಟಿಸಲಾಗುತ್ತದೆ. ಆ ನಟನೆಯಲ್ಲಿ ಕೆಲವು ಆಟಗಳು ತೆವಳುತ್ತವೆ.

ಇದಕ್ಕೆ ಇರುವ ಪರಿಹಾರ ನನಗೆ ಬಹಳ ಚೆಲುವಾಗಿ ಕಾಣುತ್ತದೆ. ಆಟವು ಚಿತ್ರ ಬಿಡಿಸಲು ಡೈರೆಕ್ಟ್‌ಡ್ರಾ ಎಂಬ ಲೈಬ್ರರಿಯನ್ನು ಹೆಸರು ಹಿಡಿದು ಕರೆಯುತ್ತದೆ. ಹಾಗೆ ಕರೆದಾಗ ವಿಂಡೋಸ್ ಮೊದಲು ಹುಡುಕುವುದು ಆಟದ್ದೇ ಫೋಲ್ಡರಿನಲ್ಲಿ, ಅಲ್ಲಿ ಸಿಗದಿದ್ದರೆ ತನ್ನ ಸಿಸ್ಟಂ ಫೋಲ್ಡರಿನಲ್ಲಿ. ಆದ್ದರಿಂದ ಅದೇ ಹೆಸರಿನ ಬೇರೊಂದು ಡಿಎಲ್‌ಎಲ್ (ಲೈಬ್ರರಿ) ಕಡತವನ್ನು ಆಟದ ಫೋಲ್ಡರಿನಲ್ಲಿ ಇಟ್ಟುಬಿಟ್ಟರೆ ಆಟದ ಕರೆಗೆಲ್ಲ ಅದೇ ಓಗೊಡುತ್ತದೆ. ಅದು ಹಳೆಯ ಕರೆಗಳನ್ನು ಕೇಳಿಸಿಕೊಂಡು, ಹೊಸ ಗ್ರಾಫಿಕ್ಸ್ ವ್ಯವಸ್ಥೆಗೆ ತಿಳಿಯುವ ಮಾತಿನಲ್ಲಿ ಹೇಳುವ ದುಭಾಷಿ. ಸಿಎನ್‌ಸಿ-ಡಿಡ್ರಾ ಮಾಡುವುದು ಇದನ್ನೇ. ಡಿಜಿವೂಡೂ 2 ಇನ್ನೂ ಮುಂದೆ ಹೋಗಿ, ಹಳೆಯ ಡೈರೆಕ್ಟ್‌ಎಕ್ಸ್ ಜೊತೆಗೆ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡುಗಳ ಗ್ಲೈಡ್ ಎಂಬ ಭಾಷೆಯನ್ನೂ ಅನುವಾದಿಸುತ್ತದೆ. ಆ ಕಂಪನಿಯ ಆಸ್ತಿಯನ್ನು ಎನ್‌ವಿಡಿಯಾ 2000ದಲ್ಲೇ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಕಾರ್ಡುಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಅವುಗಳ ಭಾಷೆ ಆಡುವವರು ಮಾತ್ರ ಉಳಿದಿದ್ದಾರೆ. ಈ ವಿಧಾನದಲ್ಲಿ ಆಟದ ಕಡತವನ್ನು ಮುಟ್ಟುವುದೇ ಇಲ್ಲ ಎಂಬುದು ದೊಡ್ಡ ಗುಣ. ಬೇಡವೆನಿಸಿದರೆ ಒಂದು ಡಿಎಲ್‌ಎಲ್ ಅಳಿಸಿದರಾಯಿತು.

ಕೆಲವು ಸಲ ವಿಂಡೋಸ್ ಬಾಗಿಲು ಮುಚ್ಚುವುದು ಬೇಕೆಂದೇ. ಸಿಡಿ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುತ್ತಿದ್ದ ಸೇಫ್‌ಡಿಸ್ಕ್ ಎಂಬ ರಕ್ಷಣಾ ವ್ಯವಸ್ಥೆಗೆ ಒಂದು ಡ್ರೈವರ್ ಬೇಕಿತ್ತು, ಅದು ವಿಂಡೋಸ್‌ನ ತೀರಾ ಒಳಪದರದಲ್ಲಿ ಕೂತು ಕೆಲಸ ಮಾಡುತ್ತಿತ್ತು. 2015ರ ವಿಂಡೋಸ್ 10ರಲ್ಲಿ ಆ ಡ್ರೈವರ್ ಬರಲೇ ಇಲ್ಲ. ಅದೇ ವರ್ಷ ಸೆಪ್ಟೆಂಬರಿನ ಒಂದು ಭದ್ರತಾ ಅಪ್‌ಡೇಟ್ ಹಿಂದಿನ ಆವೃತ್ತಿಗಳಲ್ಲೂ ಅದನ್ನು ನಿಲ್ಲಿಸಿತು. ಭದ್ರತೆಯ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನವೆಂದೇ ನನ್ನ ಅಭಿಪ್ರಾಯ, ಆ ಡ್ರೈವರನ್ನು ಮರಳಿ ತಂದು ಹಾಕಿಕೊಳ್ಳುವ ಸಲಹೆಗಳನ್ನು ದಯವಿಟ್ಟು ಪಾಲಿಸಬೇಡಿ. ಆದರೆ ದುಡ್ಡು ಕೊಟ್ಟು ಅಸಲಿ ಸಿಡಿ ಕೊಂಡವನ ಆಟ ನಿಂತು, ಬೀಗ ಒಡೆದ ಪ್ರತಿ ಇಟ್ಟುಕೊಂಡವನ ಆಟ ಓಡುತ್ತಿರುವುದು ಎಂಥ ನ್ಯಾಯ ಎಂದು ಕೇಳಿದರೆ ಉತ್ತರವಿಲ್ಲ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ 2008ರಲ್ಲಿ ಶುರು ಮಾಡಿದ ಜಿಒಜಿ ಅಂಗಡಿ, ಬೀಗ ತೆಗೆದ, ಇಂದಿನ ವಿಂಡೋಸ್‌ಗೆ ಹೊಂದಿಸಿದ ಹಳೆಯ ಆಟಗಳನ್ನು ಮಾರುತ್ತದೆ. ಅಲ್ಲಿ ಸಿಗುವ ಆಟವಾದರೆ ಅಲ್ಲೇ ಕೊಂಡು ನಿಮ್ಮ ಭಾನುವಾರವನ್ನು ಉಳಿಸಿಕೊಳ್ಳಿ.

ಈಗ ನಾನು ಬಹಳ ಹೊತ್ತು ನಿಲ್ಲಬೇಕೆಂದುಕೊಂಡಿದ್ದ ಸಂಗತಿಗೆ ಬರುತ್ತೇನೆ. ಜಿಟಿಎ ಸ್ಯಾನ್ ಆಂಡ್ರಿಯಾಸ್ ಪಿಸಿಗೆ ಬಂದದ್ದು 2005ರಲ್ಲಿ. ಇಲ್ಲಿ ಕುಳಿತವರಲ್ಲಿ ಅದನ್ನು ಆಡದವರು ಕಡಿಮೆ. ಅದರಲ್ಲಿ ಸ್ಕಿಮ್ಮರ್ ಎಂಬ, ನೀರಿನ ಮೇಲೆ ಇಳಿಯುವ ಒಂದು ಪುಟ್ಟ ವಿಮಾನವಿದೆ. 2024ರಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದ ಮೇಲೆ ಆ ವಿಮಾನ ಆಟದಿಂದ ಮಾಯವಾಯಿತು. ಹಠ ಹಿಡಿದು ಅದನ್ನು ತರಿಸಿ ಹತ್ತಿದವರು ಆಕಾಶಕ್ಕೆ, ಅಳತೆಗೆ ಸಿಗದಷ್ಟು ಎತ್ತರಕ್ಕೆ ಚಿಮ್ಮಿದರು. ಸುಮಾರು ಇಪ್ಪತ್ತು ವರ್ಷ ಸರಿಯಾಗಿದ್ದದ್ದು ಒಂದು ಅಪ್‌ಡೇಟ್‌ನಿಂದ ಕೆಟ್ಟಿತೆಂದರೆ ತಪ್ಪು ಮೈಕ್ರೋಸಾಫ್ಟ್‌ನದೇ ಎಂದು ಯಾರಿಗಾದರೂ ಅನಿಸುತ್ತದೆ. ಈ ಆಟದ ದೋಷಗಳನ್ನು ತಿದ್ದುವ ಸೈಲೆಂಟ್‌ಪ್ಯಾಚ್ ಬರೆದವರು 2025ರಲ್ಲಿ ಇದರ ಬೇರನ್ನು ಹುಡುಕಿ ತೆಗೆದರು.

ಆಟದ ವಾಹನಗಳ ವಿವರವೆಲ್ಲ ಒಂದು ಪಠ್ಯ ಕಡತದಲ್ಲಿದೆ, ಒಂದು ವಾಹನಕ್ಕೆ ಒಂದು ಸಾಲು. ಸಾಲಿನ ಕೊನೆಯಲ್ಲಿ ಚಕ್ರದ ಗಾತ್ರವೂ ಸೇರಿ ಕೆಲವು ಸಂಖ್ಯೆಗಳಿರಬೇಕು. ಹಿಂದಿನ ಆಟವಾದ ವೈಸ್ ಸಿಟಿಯಲ್ಲಿ ಸ್ಕಿಮ್ಮರ್ ಲೆಕ್ಕಕ್ಕೆ ಒಂದು ದೋಣಿ. ದೋಣಿಗೆ ಚಕ್ರದ ಗಾತ್ರ ಏಕೆ? ಸ್ಯಾನ್ ಆಂಡ್ರಿಯಾಸ್‌ನಲ್ಲಿ ಅದನ್ನು ವಿಮಾನ ಮಾಡಿದರು, ಆದರೆ ಸಾಲಿನ ಕೊನೆಯ ಸಂಖ್ಯೆಗಳನ್ನು ಸೇರಿಸಲು ಮರೆತರು. ಸಾಲುಗಳನ್ನು ಓದುವ ಕೋಡ್, ಸಂಖ್ಯೆ ಸಿಗದಿದ್ದರೆ ಏನು ಮಾಡಬೇಕೆಂದು ಹೇಳಿಸಿಕೊಂಡಿರಲಿಲ್ಲ. ಅದರ ತಾತ್ಕಾಲಿಕ ಜಾಗದಲ್ಲಿ ಹಿಂದಿನ ಸಾಲು ಓದುವಾಗ ಉಳಿದುಹೋದ ಸಂಖ್ಯೆಯೇ ಕೂತಿತ್ತು. ಹಿಂದಿನ ಸಾಲು ಟಾಪ್‌ಫನ್ ಎಂಬ ವ್ಯಾನಿನದು, ಅದರ ಚಕ್ರದ ಗಾತ್ರ 0.7. ಹೀಗೆ ಇಪ್ಪತ್ತು ವರ್ಷ ಆ ವಿಮಾನ ಪಕ್ಕದ ಮನೆಯ ವ್ಯಾನಿನ ಚಕ್ರ ಹಾಕಿಕೊಂಡು ಹಾರಿತು, ಯಾರಿಗೂ ತಿಳಿಯಲಿಲ್ಲ. ಎರಡು ಸಾಲುಗಳನ್ನು ಓದುವ ನಡುವೆ ವಿಂಡೋಸ್‌ನ ಕೆಲವು ಒಳ ಕೆಲಸಗಳು ಅದೇ ತಾತ್ಕಾಲಿಕ ಜಾಗವನ್ನು (ಸ್ಟ್ಯಾಕ್) ಬಳಸುತ್ತವೆ; 24ಎಚ್2ರಲ್ಲಿ ಅಂಥ ಒಂದು ಫಂಕ್ಷನ್ ಮೊದಲಿಗಿಂತ ಸ್ವಲ್ಪ ಹೆಚ್ಚು ಜಾಗ ಬಳಸತೊಡಗಿ, ಆ 0.7ರ ಮೇಲೆ ತನ್ನ ಗೀಚು ಬರೆಯಿತು. ಗೀಚನ್ನು ಸಂಖ್ಯೆಯಾಗಿ ಓದಿದಾಗ ಚಕ್ರ ಬ್ರಹ್ಮಾಂಡದಷ್ಟಾಯಿತು. ವಿಂಡೋಸ್ ತನ್ನ ಹಕ್ಕಿನ ಜಾಗದಲ್ಲೇ ಬರೆದಿತ್ತು. ಪರಿಹಾರ ನೋಟ್‌ಪ್ಯಾಡ್‌ನಲ್ಲಿ ಮಾಡುವಂಥದ್ದು: ಆ ಸಾಲಿಗೆ ಬಿಟ್ಟುಹೋದ ಸಂಖ್ಯೆಗಳನ್ನು ಸೇರಿಸಿದರೆ ಮುಗಿಯಿತು.

ಇದೇ ಬಗೆಯ ಸಂಗತಿ ಮೂವತ್ತು ವರ್ಷದ ಹಿಂದೆ ಸಿಮ್‌ಸಿಟಿ ಎಂಬ ನಗರ ಕಟ್ಟುವ ಆಟಕ್ಕೂ ಆಗಿತ್ತು. ಅದು ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಓದುತ್ತಿತ್ತು. ವಿಂಡೋಸ್ 3ರ ಕಾಲದಲ್ಲಿ ಆ ಜಾಗಕ್ಕೆ ಯಾರೂ ಕೂಡಲೇ ಬರುತ್ತಿರಲಿಲ್ಲವಾದ್ದರಿಂದ ನಡೆದುಹೋಯಿತು. ವಿಂಡೋಸ್ 95 ಮಾಡುತ್ತಿದ್ದವರು ಆಟ ಬೀಳುವುದನ್ನು ಕಂಡು, ಓಡುತ್ತಿರುವುದು ಸಿಮ್‌ಸಿಟಿಯಾದರೆ ಮೆಮೊರಿಯನ್ನು ತಡವಾಗಿ ಮರಳಿ ಪಡೆಯುವಂತೆ ವಿಂಡೋಸ್‌ನಲ್ಲೇ ಏರ್ಪಾಡು ಮಾಡಿದರು. ಆಗ ಆಟದ ತಪ್ಪನ್ನು ವ್ಯವಸ್ಥೆ ಹೊತ್ತುಕೊಂಡಿತು, ಸ್ಕಿಮ್ಮರ್‌ನದನ್ನು ಆಡುವವರೇ ಹೊತ್ತುಕೊಂಡರು.

ಲಿನಕ್ಸ್ ಬಳಸುವವರ ಪಾಡು ಇದರಲ್ಲಿ ವಿಚಿತ್ರವಾಗಿ ವಾಸಿ. 1993ರಿಂದ ಬೆಳೆದುಬಂದ ವೈನ್, ವಿಂಡೋಸ್ ಕರೆಗಳಿಗೆ ಲಿನಕ್ಸ್‌ನಲ್ಲಿ ಉತ್ತರ ಕೊಡುತ್ತದೆ. 2018ರಲ್ಲಿ ಸ್ಟೀಮ್ ಅಂಗಡಿಯ ವಾಲ್ವ್ ಕಂಪನಿ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಅನ್ನು ಅದರ ಮೇಲೆ ಕಟ್ಟಿತು. 64-ಬಿಟ್ ವಿಂಡೋಸ್ ಕೈಬಿಟ್ಟ 16-ಬಿಟ್ ವಿಂಡೋಸ್ ಪ್ರೋಗ್ರಾಂಗಳನ್ನು 64-ಬಿಟ್ ಲಿನಕ್ಸ್‌ನಲ್ಲಿ ವೈನ್ ಓಡಿಸುತ್ತದೆ. ಅದರ ಕೋಡ್ ಆಧರಿಸಿದ ವೈನ್‌ವಿಡಿಎಂ ಎಂಬುದನ್ನು ವಿಂಡೋಸ್‌ಗೇ ತಂದಿದ್ದಾರೆ. ಅಟ್ಟದ ಮೇಲಿನ ಸಿಡಿಯ ಸೆಟಪ್ ಕೊನೆಗೆ ಎದ್ದದ್ದು ಅದರಿಂದಲೇ. ಮ್ಯಾಕ್ ಬಗ್ಗೆ ಹೇಳಲು ಹೆಚ್ಚಿಲ್ಲ: ಅದರ 2019ರ ಕ್ಯಾಟಲೀನಾ ಆವೃತ್ತಿ 32-ಬಿಟ್ ಪ್ರೋಗ್ರಾಂಗಳನ್ನೆಲ್ಲ ಒಮ್ಮೆಗೇ ಹೊರಹಾಕಿತು.

ಕೆಲಸಕ್ಕೆ ಕೂರುವಾಗ ನಾನು ಮೊದಲು ಮಾಡುವುದು ಆಟವನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಿಂದ ಆಚೆಗೆ ತರುವುದು. ವಿಸ್ಟಾದಿಂದ ಈಚೆಗೆ ಅಲ್ಲಿ ಬರೆಯಲು ಸಾಮಾನ್ಯ ಪ್ರೋಗ್ರಾಂಗೆ ಅನುಮತಿಯಿಲ್ಲ. ವಿಂಡೋಸ್ ಹಳೆಯ ಆಟದ ಸೇವ್ ಕಡತಗಳನ್ನು ಸದ್ದಿಲ್ಲದೆ ವರ್ಚುವಲ್‌ಸ್ಟೋರ್ ಎಂಬ ಬೇರೆ ಜಾಗದಲ್ಲಿ ಇಡುತ್ತದೆ, ಆಮೇಲೆ ನಾವು ಹುಡುಕುತ್ತ ಕೂರುತ್ತೇವೆ. ಆ ಬಳಿಕ, ವಿಂಡೋಸ್ ತಾನು ಹಳೆಯ ಆವೃತ್ತಿಯೆಂದು ನಟಿಸುವ ಕಂಪ್ಯಾಟಿಬಿಲಿಟಿ ಮೋಡ್, ಅದೂ ಸಾಲದಿದ್ದರೆ ಮೇಲೆ ಹೇಳಿದ ದುಭಾಷಿ ಡಿಎಲ್‌ಎಲ್, ಕೊನೆಗೆ ಫ್ರೇಮ್ ಮಿತಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಬೇಕೆಂಬ ಮಿತಿ. ಸ್ಯಾನ್ ಆಂಡ್ರಿಯಾಸ್‌ನಲ್ಲಿ ಫ್ರೇಮ್ ಲಿಮಿಟರ್ ತೆಗೆದರೆ ಓಡಾಟ ನುಣುಪಾಗುತ್ತದೆ, ಆದರೆ ನೀರಿಗಿಳಿದಾಗ ಈಜು ಮುಂದೆ ಸಾಗದು. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನು ಆಟದ ಫೋಲ್ಡರಿನಲ್ಲೇ ಒಂದು ಪಠ್ಯ ಕಡತದಲ್ಲಿ ಬರೆದಿಡುವುದು. ಐದು ಉಪಾಯಗಳನ್ನು ಒಟ್ಟಿಗೆ ಹಾಕಿ ಗೆದ್ದವನಿಗೆ ಯಾವುದರಿಂದ ಗೆದ್ದೆನೆಂದು ತಿಳಿಯುವುದಿಲ್ಲ, ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಮೊದಲಿನಿಂದ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಅಧ್ಯಾಪಕಿಯೊಬ್ಬರು ಎದ್ದು, ಮಲೆನಾಡಿನ ತಮ್ಮ ಊರಿನ ಶಾಲೆಯಿಂದ ಬಂದ, ಡೇಂಜರಸ್ ಡೇವ್ ಎಂಬ ಡಾಸ್ ಆಟವಿರುವ ಐದೂಕಾಲು ಇಂಚಿನ ಫ್ಲಾಪಿ ತಮ್ಮ ಬಳಿ ಇದೆ, ಅದರ ಮೇಲೆ ಬಿಳಿ ಚುಕ್ಕೆಗಳು ಬಂದಿವೆ, ಏನು ಮಾಡಲಿ ಎಂದು ಕೇಳಿದರು. ಬಿಳಿ ಚುಕ್ಕೆ ಬೂಸ್ಟು. ಅಷ್ಟು ಮಳೆಗಾಲ ಕಂಡ ಫ್ಲಾಪಿಗೆ ಅದು ಸಹಜ. ಹಾಗೇ ಡ್ರೈವಿಗೆ ತುರುಕಿದರೆ ಡ್ರೈವಿನ ತಲೆ ಬೂಸ್ಟನ್ನು ತಟ್ಟೆಯ ಉದ್ದಕ್ಕೂ ಉಜ್ಜಿ ಕಾಂತೀಯ ಪದರವನ್ನೇ ಕೆರೆಯುತ್ತದೆ, ಆ ತಲೆ ಮುಂದಿನ ಫ್ಲಾಪಿಯನ್ನೂ ಕೆಡಿಸುತ್ತದೆ. ಮೊದಲು ತಟ್ಟೆಯನ್ನು ಹೊದಿಕೆಯಿಂದ ತೆಗೆದು ತೊಳೆಯಬೇಕು, ಒಣಗಿಸಬೇಕು, ಆಮೇಲೆ ಹಳೆಯ ಡ್ರೈವನ್ನು ಗ್ರೀಸ್‌ವೀಸಲ್ ಎಂಬ ಪುಟ್ಟ ಯುಎಸ್‌ಬಿ ಬೋರ್ಡಿಗೆ ಜೋಡಿಸಿ ಕಾಂತದ ಗುರುತುಗಳನ್ನು ಹಾಗೇ ಓದಿಕೊಳ್ಳಬೇಕು. ಡೇವ್ ಆಟ ಬೇರೆಡೆ ನೂರು ಕಡೆ ಸಿಗುತ್ತದೆ. ಆದರೆ ಆ ಫ್ಲಾಪಿಯಲ್ಲಿ ಮಕ್ಕಳ ಹೆಸರಿರುವ ಹೈಸ್ಕೋರ್ ಪಟ್ಟಿಯೂ ಇರಬಹುದು ಎಂದು ಅವರು ಹೇಳಿದಾಗ ನನಗೆ ಆಸಕ್ತಿ ಹೆಚ್ಚಿತು. ಒರೆಸದೆ, ಬಿಸಿಲಿಗೂ ಇಡದೆ, ಒಂದು ಕಾಗದದ ಲಕೋಟೆಯಲ್ಲಿ ಹಾಕಿ ತಂದುಕೊಡಿ ಎಂದೆ.